ಬುದ್ಧನ ಮೂರ್ತಿ ಬುದ್ಧನಿಗೆ ಬಗೆದ ದ್ರೋಹವಲ್ಲ

ಬುದ್ಧಪೂರ್ಣಿಮೆಯ ಸಭೆಗಳಲ್ಲಿ, ಆ ದಿನದ ಪತ್ರಿಕೆಗಳ ಅಂಕಣಗಳಲ್ಲಿ, ಕಾಲೇಜಿನ ವಿಚಾರಸಂಕಿರಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಬುದ್ಧ ಮೂರ್ತಿಪೂಜೆ ಬೇಡವೆಂದ, ಅವನ ಅನುಯಾಯಿಗಳು ಅವನನ್ನೇ ಮೂರ್ತಿ ಮಾಡಿ ಕೂರಿಸಿದರು. ಮೊದಮೊದಲು ಚಕ್ರ, ಬೋಧಿವೃಕ್ಷ, ಪಾದಗಳಷ್ಟೇ ಇದ್ದವು. ಆಮೇಲೆ ಗ್ರೀಕರು ಬಂದು ಮುಖ ಕೊಟ್ಟರು. ಅಲ್ಲಿಗೆ ಧರ್ಮದ ಪತನ ಶುರುವಾಯಿತು. ಹೇಳುವವರು ಇದನ್ನು ಬುದ್ಧನ ಮೇಲಿನ ಅಭಿಮಾನದಿಂದಲೇ ಹೇಳುತ್ತಾರೆ. ಕೇಳುವವರು ತಲೆದೂಗುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಲ್ಲಂತೂ ಇದು ಎರಡು ಸಾಲಿನ ಟಿಪ್ಪಣಿಯಾಗಿ ಗಟ್ಟಿಯಾಗಿದೆ: ಹೀನಯಾನದವರು ಮೂರ್ತಿ ಪೂಜಿಸುವುದಿಲ್ಲ, ಮಹಾಯಾನದವರು ಪೂಜಿಸುತ್ತಾರೆ.

ಈ ಮಾತು ಇತಿಹಾಸಕ್ಕೆ ಒಪ್ಪುವುದಿಲ್ಲ, ಬೌದ್ಧ ಗ್ರಂಥಗಳಿಗೂ ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇವತ್ತು ಬುದ್ಧನ ಎದುರು ದೀಪ ಹಚ್ಚಿ ಮಂಡಿಯೂರುವ ಕೋಟ್ಯಂತರ ಜನರನ್ನು ಅವರದೇ ಧರ್ಮ ಗೊತ್ತಿಲ್ಲದ ದಡ್ಡರನ್ನಾಗಿ ಮಾಡುತ್ತದೆ. ಅದಕ್ಕಾಗಿಯೇ ಇದನ್ನು ಖಂಡಿಸಬೇಕಾಗಿದೆ.

ಮೊದಲು ಆ ಗೈಡಿನ ಟಿಪ್ಪಣಿ. ನಾವು ಹೀನಯಾನ ಎಂದು ಕರೆಯುವ, ಅಲ್ಲಿಯವರು ಆ ಹೆಸರನ್ನು ಒಪ್ಪದ ಥೇರವಾದದ ನಾಡುಗಳು ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ. ಮೂರ್ತಿಯಿಲ್ಲದ ವಿಹಾರವನ್ನು ಅಲ್ಲಿ ಹುಡುಕಿದರೂ ಕಾಣುವುದು ಕಷ್ಟ. ಮಂಡಲೆಯ ಮಹಾಮುನಿ ಮೂರ್ತಿಯ ಮುಖವನ್ನು ದಿನವೂ ನಸುಕಿನಲ್ಲಿ ತೊಳೆಯುತ್ತಾರೆ. ಭಕ್ತರು ಚಿನ್ನದ ರೇಕು ಹಚ್ಚಿ ಹಚ್ಚಿ ಅದರ ಮೈ ಗಂಟುಗಂಟಾಗಿ ಉಬ್ಬಿಕೊಂಡಿದೆ. ಪೊಲೊನ್ನರುವದ ಗಲ್ ವಿಹಾರದಲ್ಲಿ 12ನೆಯ ಶತಮಾನದಲ್ಲಿ ಒಂದೇ ಬಂಡೆಯ ಮೈಯಲ್ಲಿ ಕೂತ, ನಿಂತ, ಮಲಗಿದ ಬುದ್ಧರನ್ನು ಕಡೆದಿದ್ದಾರೆ. ಬ್ಯಾಂಕಾಕಿನ ಹಸಿರು ಬುದ್ಧನಿಗೆ ಋತು ಬದಲಾದಾಗ ಸ್ವತಃ ದೊರೆಯೇ ವಸ್ತ್ರ ಬದಲಿಸುವ ಪದ್ಧತಿ ಇದೆ. ಪಾಲಿ ತ್ರಿಪಿಟಕವನ್ನು ಎರಡು ಸಾವಿರ ವರ್ಷ ಅಕ್ಷರ ಬಿಡದೆ ಕಾಪಾಡಿಕೊಂಡು ಬಂದವರು ಇವರೇ. ಆ ತ್ರಿಪಿಟಕದಲ್ಲಿ ಮೂರ್ತಿ ನಿಷೇಧ ಇದ್ದಿದ್ದರೆ ಅದು ಇವರ ಕಣ್ಣಿಗೆ ಬೀಳದೆ ನಮ್ಮ ಗೈಡು ಬರೆದವರ ಕಣ್ಣಿಗೆ ಬಿತ್ತೇ?

ನಿಷೇಧ ಇಲ್ಲವೇ ಇಲ್ಲ. ತ್ರಿಪಿಟಕದ ನಿಕಾಯಗಳಲ್ಲಿ ಎಲ್ಲೂ ಬುದ್ಧ ತನ್ನ ಮೂರ್ತಿ ಮಾಡಬೇಡಿ ಎಂದು ಹೇಳಿಲ್ಲ. ಯಜ್ಞದ ಪಶುಬಲಿಯನ್ನು ಅವನು ಟೀಕಿಸಿದ್ದಾನೆ, ಹುಟ್ಟಿನಿಂದ ಮೇಲುಕೀಳು ಎನ್ನುವುದನ್ನು ಟೀಕಿಸಿದ್ದಾನೆ, ನದಿಯಲ್ಲಿ ಮುಳುಗಿದರೆ ಪಾಪ ತೊಳೆಯುತ್ತದೆ ಎಂಬ ನಂಬಿಕೆಯನ್ನು ಟೀಕಿಸಿದ್ದಾನೆ. ಮೂರ್ತಿಯನ್ನು ಟೀಕಿಸುವ ಸಂದರ್ಭವೇ ಅವನಿಗೆ ಬರಲಿಲ್ಲ, ಏಕೆಂದರೆ ಅವನ ಕಾಲದ ವೈದಿಕ ಧರ್ಮದಲ್ಲಿ ಅಗ್ನಿಯೇ ಮುಖ್ಯ, ದೇವರ ಕಲ್ಲಿನ ಮೂರ್ತಿಗಳಲ್ಲ. ಇಂದಿನ ಗುಡಿ, ಗರ್ಭಗುಡಿ, ಅರ್ಚಕರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಆ ಕಾಲಕ್ಕೆ ಹೋಗುತ್ತೇವೆ, ಅಲ್ಲಿ ಇಲ್ಲದ ಜಗಳವನ್ನು ಬುದ್ಧನ ಬಾಯಲ್ಲಿ ಆಡಿಸುತ್ತೇವೆ.

ವಾದ ಮಾಡುವವರು ಮಹಾಪರಿನಿಬ್ಬಾಣ ಸುತ್ತವನ್ನು ಮುಂದಿಡುತ್ತಾರೆ. ತಥಾಗತನ ಶರೀರಪೂಜೆಯ ಚಿಂತೆ ನಿಮಗೆ ಬೇಡ ಎಂದು ಬುದ್ಧ ಆನಂದನಿಗೆ ಹೇಳಿದ್ದು ಅಲ್ಲಿಯೇ. ನಿಜ, ಹೇಳಿದ್ದಾನೆ. ಆದರೆ ಮುಂದಿನ ಮಾತನ್ನೂ ಓದಬೇಕು. ಅಂತ್ಯಕ್ರಿಯೆಯನ್ನು ಶ್ರದ್ಧೆಯುಳ್ಳ ಗೃಹಸ್ಥರು ಮಾಡುತ್ತಾರೆ ಎಂದು ಅಲ್ಲೇ ಹೇಳುತ್ತಾನೆ. ಚಕ್ರವರ್ತಿಗೆ ಮಾಡುವ ಹಾಗೆ ಮಾಡಬೇಕು, ನಾಲ್ಕು ದಾರಿ ಕೂಡುವಲ್ಲಿ ಸ್ತೂಪ ಕಟ್ಟಬೇಕು, ಅಲ್ಲಿ ಹೂಮಾಲೆ, ಗಂಧ ಅರ್ಪಿಸಿ ಮನಸ್ಸನ್ನು ಪ್ರಸನ್ನಗೊಳಿಸಿಕೊಂಡವರಿಗೆ ಬಹುಕಾಲದ ಹಿತವಿದೆ ಎಂದು ವಿವರಿಸುತ್ತಾನೆ. ತಾನು ಹುಟ್ಟಿದ, ಬೋಧಿ ಪಡೆದ, ಮೊದಲ ಉಪದೇಶ ಮಾಡಿದ, ಪರಿನಿರ್ವಾಣ ಹೊಂದಿದ ನಾಲ್ಕು ಸ್ಥಳಗಳನ್ನು ಶ್ರದ್ಧಾವಂತರು ಹೋಗಿ ನೋಡಬೇಕೆಂದೂ ಅದೇ ಸುತ್ತದಲ್ಲಿ ಇದೆ. ಹೂವು, ಗಂಧ, ವಂದನೆ, ಯಾತ್ರೆ: ಪತನ ಎಂದು ನಾವು ಕರೆಯುವುದೆಲ್ಲವೂ ಆ ಗ್ರಂಥದೊಳಗೇ ಇದೆ. ಧರ್ಮದಂತೆ ನಡೆಯುವುದೇ ಶ್ರೇಷ್ಠ ಪೂಜೆ ಎಂಬ ಮಾತೂ ಅಲ್ಲಿದೆ. ಒಂದು ಶ್ರೇಷ್ಠ ಎಂದರೆ ಉಳಿದದ್ದು ನಿಷಿದ್ಧ ಎಂದಾಗುವುದಿಲ್ಲ.

ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ವಿಷಯವಿದೆ. ಚೀನೀ ಅನುವಾದದಲ್ಲಿ ಉಳಿದಿರುವ ಸರ್ವಾಸ್ತಿವಾದ ಪಂಥದವರ ವಿನಯ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಬುದ್ಧನ ದೇಹದ ಪ್ರತಿಮೆ ಮಾಡಬಾರದಾದ್ದರಿಂದ ಬೋಧಿಸತ್ತ್ವನ ಪ್ರತಿಮೆಗೆ ಒಪ್ಪಿಗೆ ಕೊಡಬೇಕು ಎಂದು ಗೃಹಸ್ಥ ಭಕ್ತ ಅನಾಥಪಿಂಡಿಕ ಕೇಳುತ್ತಾನೆ, ಬುದ್ಧ ಒಪ್ಪುತ್ತಾನೆ. ನಿಷೇಧದ ವಾದಕ್ಕೆ ಗ್ರಂಥಾಧಾರ ಎನ್ನಬಹುದಾದದ್ದು ಏನಾದರೂ ಇದ್ದರೆ ಅದು ಇದು. ಒಂದು ಪಂಥದ ಒಂದು ಪ್ರಸಂಗ. ಅದೂ ಮುಗಿಯುವುದು ಪ್ರತಿಮೆ ಮಾಡಿಸಲು ಸಿಕ್ಕ ಅನುಮತಿಯಲ್ಲಿ.

ಇನ್ನು ಕಲ್ಲು ಹೇಳುವ ಸಾಕ್ಷ್ಯ. ಭರ್ಹುತ್‌ನಲ್ಲಿ, ಸಾಂಚಿಯಲ್ಲಿ ಬುದ್ಧನ ಮಾನವರೂಪ ಇಲ್ಲ. ಖಾಲಿ ಪೀಠ, ಅದರ ಮೇಲೆ ಛತ್ರಿ, ಬೋಧಿವೃಕ್ಷ, ಚಕ್ರ, ಪಾದಗಳಿವೆ. ಸುತ್ತ ರಾಜರು, ಯಕ್ಷಿಯರು, ಆನೆಗಳು ಕಿಕ್ಕಿರಿದಿದ್ದರೂ ನಡುವಿನ ಪೀಠ ಖಾಲಿ. ಇದು ಬೇಕೆಂದೇ ಮಾಡಿದ್ದು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಅದು ಮೂರ್ತಿದ್ವೇಷದಿಂದ ಮಾಡಿದ್ದು ಎಂದು ಹೇಳಲು ಏನು ಆಧಾರ? ಅದೇ ಭರ್ಹುತ್‌ನ ಜಾತಕ ಫಲಕಗಳಲ್ಲಿ ಬೋಧಿಸತ್ತ್ವ ಮನುಷ್ಯನಾಗಿ, ಪ್ರಾಣಿಯಾಗಿ ಧಾರಾಳವಾಗಿ ಕಾಣಿಸಿಕೊಳ್ಳುತ್ತಾನೆ. ಫಲಕಗಳ ಮೇಲಿನ ಬ್ರಾಹ್ಮಿ ಬರಹಗಳು ಇದು ಶಾಕ್ಯಮುನಿಯ ಬೋಧಿ, ಇದು ಹಿಂದಿನ ಇಂಥ ಬುದ್ಧನ ಬೋಧಿ ಎಂದು ಮರಗಳನ್ನು ಗುರುತಿಸುತ್ತವೆ. ಆ ಮರದ ಮುಂದೆ ಜನ ಮಂಡಿಯೂರಿ ಕೈಮುಗಿದಿದ್ದಾರೆ, ಹಾರ ಹಾಕುತ್ತಿದ್ದಾರೆ. ಅದು ಪೂಜೆಯಲ್ಲದೆ ಇನ್ನೇನು? ಮರಕ್ಕೆ ಕೈಮುಗಿದರೆ ಶುದ್ಧ ಬೌದ್ಧ, ಮೂರ್ತಿಗೆ ಕೈಮುಗಿದರೆ ಪತಿತ ಎಂದು ತೀರ್ಪು ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಈ ಫಲಕಗಳ ಬಗ್ಗೆ ವಿದ್ವಾಂಸರೇ ಜಗಳವಾಡಿದ್ದಾರೆ. 1990ರಲ್ಲಿ ಸೂಸನ್ ಹಂಟಿಂಗ್ಟನ್ ಅವರು, ಇವು ಬುದ್ಧನ ಜೀವನದ ಘಟನೆಗಳ ಚಿತ್ರಗಳೇ ಅಲ್ಲ, ಆ ಪುಣ್ಯಸ್ಥಳಗಳಲ್ಲಿ ನಂತರದ ಜನ ಮಾಡುತ್ತಿದ್ದ ಪೂಜೆಯ ಚಿತ್ರಗಳು ಎಂದು ವಾದಿಸಿದರು. ಮರುವರ್ಷ ವಿದ್ಯಾ ದೆಹೇಜಿಯಾ ಅವರು ಅದನ್ನು ಪೂರ್ತಿ ಒಪ್ಪದೆ, ಒಂದೇ ಸಂಕೇತಕ್ಕೆ ಹಲವು ಅರ್ಥಗಳು ಇರಬಲ್ಲವು, ಅದೇ ಮರ ಒಂದೆಡೆ ಬುದ್ಧನೇ ಆಗಿ, ಇನ್ನೊಂದೆಡೆ ಬೋಧಗಯೆಯ ಮರವಷ್ಟೇ ಆಗಿ ನಿಲ್ಲಬಲ್ಲದು ಎಂದರು. ನನಗೆ ದೆಹೇಜಿಯಾ ಅವರ ಮಾತು ಹೆಚ್ಚು ಸರಿ ಎನ್ನಿಸುತ್ತದೆ. ಅದೇನೇ ಇರಲಿ, ಮೂವತ್ತು ವರ್ಷಕ್ಕೂ ಹಿಂದೆ ವಿದ್ವತ್ ವಲಯದಲ್ಲಿ ಬಿರುಕು ಬಿಟ್ಟ ಒಂದು ಸಿದ್ಧಾಂತವನ್ನು ನಾವು ಇನ್ನೂ ವೇದವಾಕ್ಯದಂತೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೇವೆ.

ಸಂಕೇತ ಮೊದಲು, ಮೂರ್ತಿ ಆಮೇಲೆ, ಅಲ್ಲಿಂದ ಇಳಿಜಾರು ಎಂಬ ಕಥೆ ಎಷ್ಟು ತಪ್ಪು ಎಂದು ತಿಳಿಯಲು ಕರ್ನಾಟಕದವರು ದೂರ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಒಂದು ಮಹಾಸ್ತೂಪ ಹೊರಬಂತು. ‘ರಾಯೋ ಅಸೋಕೋ’ ಎಂಬ ಹೆಸರಿನೊಂದಿಗೆ ಅಶೋಕನ ಚಿತ್ರ ಇರುವ ಫಲಕ ಸಿಕ್ಕ ಜಾಗ ಅದು. ಅಲ್ಲಿ ಬೋಧಿವೃಕ್ಷದ ಪೂಜೆ ಇದೆ, ಧರ್ಮಚಕ್ರ ಇದೆ, ಪಾದಗಳಿವೆ. ಜೊತೆಗೆ ಹಿಂದಿನ ಬುದ್ಧರ ಹೆಸರುಗಳನ್ನು ಪೀಠದಲ್ಲಿ ಕೆತ್ತಿದ, ಪದ್ಮಾಸನದಲ್ಲಿ ಕೂತ ಬುದ್ಧಮೂರ್ತಿಗಳೂ ಇವೆ. ಒಂದೇ ಸ್ತೂಪ, ಒಂದೇ ಅಂಗಳ. ಮೂರ್ತಿ ಬಂದ ಮೇಲೆ ಯಾರೂ ಚಕ್ರವನ್ನು ಒಡೆದು ಹಾಕಲಿಲ್ಲ. ಅಮರಾವತಿಯಲ್ಲೂ ನಾಗಾರ್ಜುನಕೊಂಡದಲ್ಲೂ ಹೀಗೆಯೇ. ಸಾರನಾಥದ 5ನೆಯ ಶತಮಾನದ ಧರ್ಮಚಕ್ರ ಮುದ್ರೆಯ ಬುದ್ಧನ ಪೀಠದಲ್ಲಿ ನೋಡಿ: ಮಧ್ಯೆ ಚಕ್ರ, ಅತ್ತ ಇತ್ತ ಜಿಂಕೆಗಳು, ಐವರು ಮೊದಲ ಶಿಷ್ಯರು. ಹಳೆಯ ಸಂಕೇತ ಮೂರ್ತಿಯ ಕಾಲ ಕೆಳಗೆ ಹಾಯಾಗಿ ಇದೆ. ಎರಡರ ನಡುವೆ ಹಗೆ ಇರುವುದು ನಮ್ಮ ಪುಸ್ತಕಗಳಲ್ಲಿ ಮಾತ್ರ.

ಅಶೋಕನ ಮಾತು ಬಂತು. ನೇಪಾಳದ ತರಾಯಿಯ ನಿಗಾಲಿ ಸಾಗರ ಕಂಬದ ಮೇಲೆ ಅವನು, ತನ್ನ ಆಳ್ವಿಕೆಯ 14ನೆಯ ವರ್ಷದಲ್ಲಿ ಕೋನಾಕಮನ ಬುದ್ಧನ ಸ್ತೂಪವನ್ನು ಎರಡರಷ್ಟು ದೊಡ್ಡದು ಮಾಡಿಸಿದೆ, ಆಮೇಲೆ ತಾನೇ ಬಂದು ಪೂಜಿಸಿದೆ ಎಂದು ಬರೆಸಿದ್ದಾನೆ. ಗೌತಮನಿಗೂ ಹಿಂದಿನ ಬುದ್ಧನೊಬ್ಬನ ಸ್ತೂಪ ಕ್ರಿ.ಪೂ. 3ನೆಯ ಶತಮಾನಕ್ಕಾಗಲೇ ಜೀರ್ಣೋದ್ಧಾರದ ಹಂತ ತಲುಪಿತ್ತು! ಪೂಜೆಯಿಲ್ಲದ, ಶ್ರದ್ಧೆಯಿಲ್ಲದ, ಬರೀ ತರ್ಕದ ಆದಿ ಬೌದ್ಧಧರ್ಮ ಎನ್ನುವುದು ನೆಲದಲ್ಲಿ ಎಲ್ಲಿ ಅಗೆದರೂ ಸಿಕ್ಕಿಲ್ಲ.

ಗ್ರೀಕರ ವಿಚಾರ. ಫ್ರೆಂಚ್ ವಿದ್ವಾಂಸ ಆಲ್ಫ್ರೆಡ್ ಫೂಷೆ 20ನೆಯ ಶತಮಾನದ ಆರಂಭದಲ್ಲಿ ಬುದ್ಧಮೂರ್ತಿ ಗಾಂಧಾರದಲ್ಲಿ ಗ್ರೀಕ್ ಪ್ರಭಾವದಿಂದ ಹುಟ್ಟಿತು ಎಂದು ಮಂಡಿಸಿದರು. 1927ರಲ್ಲಿ ಆನಂದ ಕುಮಾರಸ್ವಾಮಿ ಅದನ್ನು ಎದುರಿಸಿ, ಮಥುರೆಯ ಮೂರ್ತಿಗಳು ನಮ್ಮ ಯಕ್ಷರ ಮೂರ್ತಿಗಳಿಂದ ಬೆಳೆದವು, ಬಲಭುಜ ತೆರೆದ, ಮೈತುಂಬಿದ, ಅಭಯಹಸ್ತದ ಆ ರೂಪಕ್ಕೆ ಗ್ರೀಕ್ ದೇವತೆ ಅಪೊಲೊ ಬೇಕಾಗಿಲ್ಲ ಎಂದು ತೋರಿಸಿದರು. ಗಾಂಧಾರದ ಅಲೆಅಲೆ ಕೂದಲು, ನೆರಿಗೆಯ ಚೀವರದಲ್ಲಿ ಯವನರ ಕೈವಾಡ ಇದೆ, ಸಂಶಯವಿಲ್ಲ. ಅದನ್ನು ಒಪ್ಪಿಕೊಳ್ಳುವುದರಿಂದ ಯಾರಿಗೂ ಅವಮಾನವಿಲ್ಲ. ಆದರೆ ಉಳಿಯ ಶೈಲಿ ಬೇರೆ, ಮೂರ್ತಿ ಬೇಕೆನ್ನಿಸಿದ ಮನಸ್ಸು ಬೇರೆ.

ಆ ಮನಸ್ಸು ಯಾರದು? ಇಲ್ಲಿ ಇನ್ನೊಂದು ಜನಪ್ರಿಯ ತಪ್ಪು ತಲೆಯೆತ್ತುತ್ತದೆ. ಓದುಬರಹವಿಲ್ಲದ ಸಾಮಾನ್ಯರು ಮೂರ್ತಿ ಬೇಕೆಂದು ಹಟ ಹಿಡಿದರು, ಜ್ಞಾನಿಗಳಾದ ಭಿಕ್ಷುಗಳು ಮನಸ್ಸಿಲ್ಲದೆ ಒಪ್ಪಿದರು ಎನ್ನುತ್ತಾರೆ. ಸಾರನಾಥದಲ್ಲಿ ಸಿಕ್ಕ ದೊಡ್ಡ ಕೆಂಪು ಮರಳುಗಲ್ಲಿನ ಮೂರ್ತಿ ಇದಕ್ಕೆ ಉತ್ತರ. ಕನಿಷ್ಕನ ಆಳ್ವಿಕೆಯ 3ನೆಯ ವರ್ಷದ ಆ ಮೂರ್ತಿಯನ್ನು ಮಥುರೆಯ ಕಲ್ಲಿನಲ್ಲಿ ಕಡೆಸಿ ಅಲ್ಲಿಗೆ ಸಾಗಿಸಿ, ಮೇಲೆ ಕಲ್ಲಿನ ಛತ್ರಿ ನಿಲ್ಲಿಸಿದವನು ಬಲ ಎಂಬ ಭಿಕ್ಷು. ಶಾಸನ ಅವನನ್ನು ತ್ರಿಪಿಟಕ ಬಲ್ಲವನು ಎಂದು ಕರೆಯುತ್ತದೆ. ಜೊತೆಗೆ ಹೆಸರು ಹೇಳುವುದು ಬುದ್ಧಮಿತ್ರಾ ಎಂಬ ಭಿಕ್ಷುಣಿಯನ್ನು, ಆಕೆಯೂ ತ್ರಿಪಿಟಕ ಬಲ್ಲವಳು. ಕೌಶಾಂಬಿಯಲ್ಲಿ ಮೂರ್ತಿ ಮಾಡಿಸಿದ್ದು ಅದೇ ಬುದ್ಧಮಿತ್ರಾ. ಶ್ರಾವಸ್ತಿಯಲ್ಲೂ ಬಲನ ಹೆಸರಿನ ಮೂರ್ತಿ ಇದೆ. ಅಂದರೆ ಮೂರೂ ಪಿಟಕಗಳನ್ನು ಕರಗತ ಮಾಡಿಕೊಂಡ ಒಬ್ಬ ಭಿಕ್ಷು, ಒಬ್ಬ ಭಿಕ್ಷುಣಿ ಗಂಗಾ ಬಯಲಿನ ಮುಖ್ಯ ಪುಣ್ಯಸ್ಥಳಗಳಲ್ಲಿ ಮೂರ್ತಿ ನಿಲ್ಲಿಸುವ ಕೆಲಸದಲ್ಲಿ ಮುಂದಾಗಿದ್ದರು. ಬುದ್ಧ ಮೂರ್ತಿ ಬೇಡವೆಂದಿದ್ದ ಎನ್ನುವುದು ಗೊತ್ತಿರಬೇಕಾದವರು ಇದ್ದರೆ ಅವರೇ. ಬುದ್ಧಮಿತ್ರಾಳ ಹೆಸರನ್ನು ನಮ್ಮ ಪಠ್ಯಗಳು ಹೇಳುವುದೇ ಇಲ್ಲ. ಮೂರ್ತಿಯ ಚರಿತ್ರೆಯನ್ನು ಅಜ್ಞಾನಿಗಳ ಚರಿತ್ರೆ ಎಂದು ಬರೆದದ್ದರಿಂದ ಕಲಿತ ಹೆಣ್ಣೊಬ್ಬಳ ಕೆಲಸವೂ ಅಳಿಸಿಹೋಯಿತು.

ಹಾಗಾದರೆ ಈ ಪತನದ ಕಥೆ ಹುಟ್ಟಿದ್ದು ಎಲ್ಲಿ? 19ನೆಯ ಶತಮಾನದ ಯುರೋಪಿನಲ್ಲಿ. ಪಾಲಿ ಗ್ರಂಥಗಳನ್ನು ಸಂಪಾದಿಸಿದ ಪಂಡಿತರಿಗೆ ನಾವು ಋಣಿಗಳು, ಅದನ್ನು ಮರೆಯಬಾರದು. ಆದರೆ ಅವರ ಮನಸ್ಸಿನಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ನಡೆದ ಜಗಳ ಇನ್ನೂ ಬೆಚ್ಚಗಿತ್ತು. ಗ್ರಂಥದಲ್ಲಿರುವುದೇ ನಿಜವಾದ ಧರ್ಮ; ಮೂರ್ತಿ, ಧೂಪ, ಅವಶೇಷಗಳ ಪೂಜೆ ಎಲ್ಲ ಪುರೋಹಿತರು ಸೇರಿಸಿದ ಕಸ ಎಂಬ ನೋಟವನ್ನು ಅವರು ಸಿಲೋನಿಗೂ ಟಿಬೆಟಿಗೂ ಹಚ್ಚಿದರು. 1991ರಲ್ಲಿ ಗ್ರೆಗರಿ ಶೋಪನ್ ಭಾರತೀಯ ಬೌದ್ಧಧರ್ಮದ ಅಧ್ಯಯನದೊಳಗೆ ಅಡಗಿರುವ ಈ ಪ್ರಾಟೆಸ್ಟೆಂಟ್ ಪೂರ್ವಗ್ರಹವನ್ನೇ ಕುರಿತು ಪ್ರಬಂಧ ಬರೆದರು. ಶಾಸನಗಳು ಕಣ್ಣೆದುರಿಗಿದ್ದರೂ ಗ್ರಂಥಗಳನ್ನೇ ನಂಬಿ ಕೂತದ್ದು ಹೇಗೆ ಎಂದು ಕೇಳಿದರು. ಸಾಂಚಿ, ಭರ್ಹುತ್‌ಗಳ ದಾನಶಾಸನಗಳಲ್ಲಿ ಭಿಕ್ಷು, ಭಿಕ್ಷುಣಿಯರ ಹೆಸರುಗಳು ಹೇರಳವಾಗಿವೆ ಎನ್ನುವುದು ಅವರು ಎತ್ತಿ ತೋರಿಸಿದ ಸಂಗತಿಗಳಲ್ಲಿ ಒಂದು.

ನಮ್ಮಲ್ಲಿ ಆ ನೋಟ ಸುಲಭವಾಗಿ ಬೇರು ಬಿಟ್ಟಿತು. ಅದಕ್ಕೆ ಕಾರಣವೂ ಇದೆ. ಪುರೋಹಿತಶಾಹಿಯ ವಿರುದ್ಧ ಹೋರಾಡಿದವರಿಗೆ ಬುದ್ಧ ದೊಡ್ಡ ಆಸರೆಯಾಗಿದ್ದ. ಕನ್ನಡಿಗರು ಬುದ್ಧನನ್ನು ಶರಣರ ಕಣ್ಣಿನಿಂದ ನೋಡಿದರು, ಗುಡಿಯನ್ನು ಧಿಕ್ಕರಿಸಿದವರ ಸಾಲಿನಲ್ಲಿ ಮೊದಲಿಗನಾಗಿ ನಿಲ್ಲಿಸಿದರು. ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಶರಣರನ್ನಾದರೂ ಸರಿಯಾಗಿ ನೋಡಿದೆವೇ? ಗುಡಿಯನ್ನು ಬಿಟ್ಟ 12ನೆಯ ಶತಮಾನದ ಶರಣರು ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟರು. ಅರ್ಚಕನ ಒಡೆತನವನ್ನು ತಿರಸ್ಕರಿಸುವುದು ಒಂದು, ಕಣ್ಣೆದುರು ಒಂದು ರೂಪ ಇಟ್ಟುಕೊಳ್ಳುವುದನ್ನು ತಿರಸ್ಕರಿಸುವುದು ಇನ್ನೊಂದು. ಶರಣರು ಮೊದಲನೆಯದನ್ನು ಮಾಡಿದರು. ಎರಡನ್ನೂ ಒಂದೇ ಮಾಡಿಕೊಂಡು ಬುದ್ಧನ ತಲೆಗೆ ಕಟ್ಟಿದವರು ನಾವು.

ಡಾ. ಬಿ.ಆರ್. ಅಂಬೇಡ್ಕರ್ ಅವರ ವಿಷಯಕ್ಕೆ ಬರೋಣ, ಏಕೆಂದರೆ ಈ ವಾದದಲ್ಲಿ ಅವರ ಹೆಸರು ಹೆಚ್ಚು ಬಳಕೆಯಾಗುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಯಾರ ಯಾರ ಪೂಜೆ ಮಾಡಬಾರದು ಎಂಬುದು ಸ್ಪಷ್ಟವಾಗಿದೆ. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬುವುದಿಲ್ಲ ಎಂಬ ಪ್ರತಿಜ್ಞೆಯೂ ಇದೆ. ಬುದ್ಧನ ಮೂರ್ತಿ ಇಡಬಾರದು ಎಂಬ ಪ್ರತಿಜ್ಞೆ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದಕ್ಕೂ ಸುಮಾರು ಎರಡು ವರ್ಷ ಮೊದಲೇ, 1954ರ ಡಿಸೆಂಬರ್ 25ರಂದು, ಪುಣೆಯ ಬಳಿಯ ದೇಹು ರಸ್ತೆಯಲ್ಲಿ ಬುದ್ಧಮೂರ್ತಿಯನ್ನು ಅವರು ತಮ್ಮ ಕೈಯಾರೆ ಪ್ರತಿಷ್ಠಾಪಿಸಿದ್ದರು.

ಹೀಗಿರುವಾಗ ಕಲಬುರಗಿ, ಬೀದರ್, ವಿಜಯಪುರದ ಕೇರಿಗಳಲ್ಲಿ ಜನ ದುಡಿಮೆಯ ದುಡ್ಡು ಕೂಡಿಸಿ ಕಟ್ಟಿಕೊಂಡ ಪುಟ್ಟ ವಿಹಾರದಲ್ಲಿ, ಬುದ್ಧ ಮತ್ತು ಬಾಬಾಸಾಹೇಬರ ಪಟದ ಮುಂದೆ ಮೇಣದಬತ್ತಿ ಹಚ್ಚಿ ತ್ರಿಶರಣ ಹೇಳುವಾಗ, ‘ನೀವೂ ಮೂರ್ತಿಪೂಜೆಗೆ ಇಳಿದಿರಲ್ಲ’ ಎಂದು ಕೇಳುವ ವಿದ್ಯಾವಂತರಿದ್ದಾರೆ. ತಲೆಮಾರುಗಳ ಕಾಲ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರು ಇವರು. ತಡೆಯುವವರಿಲ್ಲದ, ಮಡಿಮೈಲಿಗೆಯಿಲ್ಲದ, ಮಧ್ಯವರ್ತಿಯಿಲ್ಲದ ಒಂದು ಸನ್ನಿಧಿಯನ್ನು ಮೊದಲ ಬಾರಿಗೆ ತಮ್ಮದು ಮಾಡಿಕೊಂಡಿದ್ದಾರೆ. ಅಲ್ಲಿ ನಿಂತು ಅವರಿಗೆ ಬುದ್ಧನನ್ನು ಕಲಿಸಲು ಹೋಗುವುದು ಕ್ರೌರ್ಯ. ಇದಕ್ಕಿಂತ ಮೆತ್ತಗಿನ ಪದ ನನ್ನಲ್ಲಿಲ್ಲ.

ಅವರು ಬೇಡುವುದೇನು ಎಂಬುದನ್ನೂ ಕೇಳಬೇಕಲ್ಲ. ಬೌದ್ಧರಿಗೆ ಈ ಪ್ರಶ್ನೆ ಹೊಸದಲ್ಲ. ಮಿಲಿಂದಪಞ್ಹ ಎಂಬ ಪಾಲಿ ಗ್ರಂಥದಲ್ಲಿ ಯವನ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಇದನ್ನೇ ಕೇಳುತ್ತಾನೆ. ಬುದ್ಧ ಪೂಜೆಯನ್ನು ಸ್ವೀಕರಿಸುತ್ತಾನೆ ಎಂದರೆ ಅವನು ಪರಿನಿರ್ವಾಣ ಹೊಂದಿಲ್ಲ, ಇನ್ನೂ ಲೋಕಕ್ಕೆ ಅಂಟಿಕೊಂಡಿದ್ದಾನೆ. ಸ್ವೀಕರಿಸುವುದಿಲ್ಲ ಎಂದರೆ ಪೂಜೆ ವ್ಯರ್ಥ. ಇಂದಿನ ಯಾವ ವಿಚಾರವಾದಿಯೂ ಇದಕ್ಕಿಂತ ಹರಿತವಾಗಿ ಕೇಳಿಲ್ಲ. ನಾಗಸೇನನ ಉತ್ತರದ ತಿರುಳು ಇಷ್ಟು: ಬುದ್ಧ ಸ್ವೀಕರಿಸುವುದಿಲ್ಲ, ನಿಜ. ದೊಡ್ಡ ಬೆಂಕಿ ಆರಿಹೋದ ಮೇಲೆ ಅದು ಸೌದೆಯನ್ನು ಕೇಳುವುದಿಲ್ಲ; ಆದರೂ ಬೆಂಕಿ ಬೇಕಾದವರು ತಮ್ಮ ಕೈಬಲದಿಂದ ಕಟ್ಟಿಗೆ ಮಥಿಸಿ ಬೆಂಕಿ ಹೊತ್ತಿಸಿಕೊಳ್ಳುತ್ತಾರೆ. ಪೂಜಿಸುವವನ ಒಳಗೆ ಏನಾಗುತ್ತದೆ ಎನ್ನುವುದು ಫಲ, ಪೂಜೆಗೊಂಡವನಿಗೆ ಏನು ತಲುಪುತ್ತದೆ ಎನ್ನುವುದಲ್ಲ. ಬುದ್ಧಘೋಷ 5ನೆಯ ಶತಮಾನದ ವಿಸುದ್ಧಿಮಗ್ಗದಲ್ಲಿ ಬುದ್ಧಾನುಸ್ಮೃತಿಯನ್ನು, ಬುದ್ಧನ ಗುಣಗಳನ್ನು ಒಂದೊಂದಾಗಿ ನೆನೆಯುವುದನ್ನು, ಧ್ಯಾನದ ಒಂದು ವಿಧಾನವಾಗಿ ವಿವರಿಸುತ್ತಾನೆ. ಮೂರ್ತಿಯ ಒಂದೊಂದು ಅಂಗವೂ ಆ ಸ್ಮರಣೆಗೆ ದಾರಿ. ಜೋತ ಕಿವಿ ರಾಜಕುಮಾರ ತೆಗೆದಿಟ್ಟ ಭಾರದ ಕುಂಡಲಗಳನ್ನು ನೆನಪಿಸುತ್ತದೆ, ಬಲಕ್ಕೆ ಸುತ್ತಿದ ಗಿಡ್ಡ ಗುಂಗುರು ಅವನು ಕತ್ತಿಯಿಂದ ಕತ್ತರಿಸಿದ ಕೂದಲನ್ನು. ಅದು ತಲೆಗೆ ತಂಪೆರೆದ ಬಸವನಹುಳುಗಳ ಸಾಲು ಎಂಬ ಕಥೆ ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಪಾಲಿ ತ್ರಿಪಿಟಕದಲ್ಲಿ ಅಂಥ ಕಥೆ ಎಲ್ಲೂ ಇಲ್ಲ. ನೆಲ ಮುಟ್ಟಿದ ಬಲಗೈ ಮಾರನ ಎದುರು ಭೂಮಿಯನ್ನು ಸಾಕ್ಷಿಗೆ ಕರೆದ ಕ್ಷಣ. ಬಲಮಗ್ಗುಲಾಗಿ ಮಲಗಿದ ಮೂರ್ತಿಯನ್ನು ಪ್ರವಾಸಿಗರು ‘ವಿಶ್ರಾಂತಿಯ ಬುದ್ಧ’ ಎಂದು ಫೋಟೊ ಹಿಡಿಯುತ್ತಾರೆ. ಅಜಂತಾದ 26ನೆಯ ಗುಹೆಯಲ್ಲಿ ಆ ಮಂಚದ ಕೆಳಗೆ ಅಳುತ್ತಿರುವವರ ಸಾಲನ್ನು ನೋಡಿದರೆ ತಿಳಿಯುತ್ತದೆ, ಅದು ಕುಶಿನಗರದ ಸಾಲವೃಕ್ಷಗಳ ನಡುವಿನ ಕೊನೆಯ ರಾತ್ರಿ ಎಂದು.

ಝೆನ್ ಕಥೆಗಳನ್ನು ತರುವವರೂ ಇದ್ದಾರೆ. ತಾಂಗ್ ಕಾಲದ ದಾನ್‌ಶಿಯಾ ಎಂಬ ಭಿಕ್ಷು ಚಳಿಗೆ ಮರದ ಬುದ್ಧನನ್ನು ಸುಟ್ಟು ಮೈ ಕಾಯಿಸಿಕೊಂಡ, ಗದರಿಸಿದವನಿಗೆ ಬೂದಿಯಲ್ಲಿ ಬುದ್ಧನ ಅಸ್ಥಿ ಹುಡುಕುತ್ತಿದ್ದೇನೆ ಎಂದ. ನೋಡಿ, ಬೌದ್ಧರೇ ಮೂರ್ತಿಯನ್ನು ಸುಟ್ಟಿದ್ದಾರೆ ಎನ್ನುತ್ತಾರೆ. ಆ ಕಥೆಗೆ ಕಾವು ಬರುವುದು ಆ ಮಠದಲ್ಲಿ ದಿನವೂ ಮೂರ್ತಿಗೆ ವಂದನೆ ನಡೆಯುತ್ತಿದ್ದುದರಿಂದ. ವಂದಿಸಿ ವಂದಿಸಿ ಅಂಟಿಕೊಂಡವರಿಗೆ ಹೇಳಿದ ಪಾಠವನ್ನು, ಒಮ್ಮೆಯೂ ತಲೆಬಾಗದವರು ತಮ್ಮ ಜಂಬಕ್ಕೆ ಬಳಸಿಕೊಳ್ಳುವುದು ಸರಿಯಲ್ಲ. ತಥಾಗತನನ್ನು ರೂಪದಲ್ಲಿ ಹುಡುಕುವವರು ದಾರಿ ತಪ್ಪಿದ್ದಾರೆ ಎಂದು ಕಟ್ಟುನಿಟ್ಟಾಗಿ ಹೇಳುವ ಸೂತ್ರ ವಜ್ರಚ್ಛೇದಿಕಾ. ಅದರ ಕ್ರಿ.ಶ. 868ರ ಪ್ರತಿ ದುನ್‌ಹುವಾಂಗ್‌ನ ಗುಹೆಯಲ್ಲಿ ಸಿಕ್ಕಿತು; ನಮೂದಾದ ದಿನಾಂಕ ಇರುವ ಅಚ್ಚಾದ ಗ್ರಂಥಗಳಲ್ಲಿ ಪೂರ್ತಿಯಾಗಿ ಉಳಿದ ಅತಿ ಹಳೆಯದು ಅದು. ಅದರ ಮೊದಲ ಪುಟದಲ್ಲಿ ಇರುವುದು ಬುದ್ಧನ ಚಿತ್ರ. ತನ್ನ ತಂದೆತಾಯಿಯ ಹೆಸರಿನಲ್ಲಿ ಅದನ್ನು ಅಚ್ಚು ಹಾಕಿಸಿ ಹಂಚಿದ ವ್ಯಕ್ತಿಗೆ ಅದರಲ್ಲಿ ವಿರೋಧ ಕಾಣಲಿಲ್ಲ. ರೂಪವನ್ನು ದಾಟಬೇಕು ಎನ್ನುವುದೂ ರೂಪದ ಮುಂದೆ ಕೂತೇ ಕಲಿಯುವ ಪಾಠ ಎಂಬುದು ಆತನಿಗೆ ತಿಳಿದಿತ್ತು.

ಈಗ ಹೇಳಬೇಕಾದ್ದು ಈ ವಾದದ ಫಲ ಏನಾಯಿತು ಎಂಬುದು. ಮೂರ್ತಿಯಲ್ಲಿ ಏನೂ ಇಲ್ಲ, ಅದು ಬರೀ ಸಂಕೇತ ಎಂದು ನಾವು ಹೇಳುತ್ತಾ ಬಂದೆವು. ಏನೂ ಇಲ್ಲದ ವಸ್ತುವನ್ನು ಎಲ್ಲಿ ಬೇಕಾದರೂ ಇಡಬಹುದು. ಇಟ್ಟರು. ಸ್ಪಾದ ಬಾಗಿಲಲ್ಲಿ, ಹೋಟೆಲಿನ ಕೈತೊಳೆಯುವ ಬೇಸಿನ್ ಪಕ್ಕದಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯ ಕಾರಂಜಿಯ ಕೆಳಗೆ. ಶಾಂತಿಯ ಸಂಕೇತ ಎಂದರು. 1974ರ ಮೇ 18ರಂದು ಪೋಖರಣ್‌ನಲ್ಲಿ ಸಿಡಿದ ಅಣುಸಾಧನಕ್ಕೂ ‘ನಗುವ ಬುದ್ಧ’ ಎಂಬ ಗುಪ್ತನಾಮ ಅಂಟಿತು. ಯಾರ ಧರ್ಮಕ್ಕೂ ಸೇರದ ಬರೀ ಸಂಕೇತ ಎಂದು ಒಮ್ಮೆ ಒಪ್ಪಿಕೊಂಡ ಮೇಲೆ ಬಾಂಬಿಗೂ ಆ ಹೆಸರು ಸಲ್ಲುತ್ತದೆ.

ಅಂಗಡಿಗಳಲ್ಲಿ ಸಿಗುವ ಬುದ್ಧನ ಬರೀ ತಲೆಯ ಚರಿತ್ರೆ ಇನ್ನೂ ಕೆಟ್ಟದ್ದು. ಯಾವ ಬೌದ್ಧ ಸಂಪ್ರದಾಯವೂ ಪೂಜೆಗೆಂದು ಕತ್ತರಿಸಿದ ತಲೆಯನ್ನು ಮಾಡುವುದಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಚೀನಾದ ಲಾಂಗ್‌ಮೆನ್, ತ್ಯಾನ್‌ಲಾಂಗ್‌ಶಾನ್ ಗುಹೆಗಳಲ್ಲಿ ಕಳ್ಳರು ಮೂರ್ತಿಗಳ ತಲೆಗಳನ್ನು ಉಳಿಯಿಂದ ಎಬ್ಬಿಸಿ ಸಂಗ್ರಾಹಕರಿಗೆ ಮಾರಿದರು, ಏಕೆಂದರೆ ಇಡೀ ಮೂರ್ತಿಯನ್ನು ಸಾಗಿಸುವುದು ಕಷ್ಟ. ಬರ್ಮಾದ ಸೇನೆ 1767ರಲ್ಲಿ ಹಾಳುಗೆಡವಿದ ಅಯುಥಾಯದಲ್ಲಿ ತಲೆಯಿಲ್ಲದ ಬುದ್ಧರ ಸಾಲುಗಳು ಇಂದಿಗೂ ಕೂತಿವೆ. ಆ ಲೂಟಿಯ ತಲೆಗಳು ಮ್ಯೂಸಿಯಂ ಪೀಠದ ಮೇಲೆ ಚಂದ ಕಂಡವು, ಆ ಚಂದ ಫ್ಯಾಷನ್ ಆಯಿತು, ಈಗ ಫೈಬರಿನಲ್ಲಿ ಎರಕ ಹೊಯ್ದು ನಮ್ಮ ಡ್ರಾಯಿಂಗ್ ರೂಮಿಗೆ ಬರುತ್ತಿದೆ.

ಲಾಫಿಂಗ್ ಬುದ್ಧನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವನು ಗೌತಮನಲ್ಲ. 10ನೆಯ ಶತಮಾನದ ಆದಿಭಾಗದಲ್ಲಿ ತೀರಿಕೊಂಡ, ಚೀನಾದ ಜೆಜಿಯಾಂಗ್ ಸೀಮೆಯ ಬುದಾಯ್ ಎಂಬ ಅಲೆಮಾರಿ ಭಿಕ್ಷು. ಬಟ್ಟೆಯ ಚೀಲ ಹೊತ್ತು ತಿರುಗುತ್ತಿದ್ದವನು. ಮುಂದೆ ಬರಲಿರುವ ಮೈತ್ರೇಯ ಬುದ್ಧನ ಅವತಾರ ಅವನೆಂದು ಅಲ್ಲಿಯ ಜನ ನಂಬಿದರು. ಚೀನೀ ವಿಹಾರಗಳಲ್ಲಿ ಅವನು ಮುಂಬಾಗಿಲ ಮಂಟಪದಲ್ಲಿ ಬರುವವರಿಗೆ ಎದುರಾಗಿ ನಗುತ್ತ ಕೂತಿರುತ್ತಾನೆ, ಶಾಕ್ಯಮುನಿ ಒಳಗಿನ ಮುಖ್ಯ ಮಂಟಪದಲ್ಲಿ. ಹೊಟ್ಟೆ ಉಜ್ಜಿದರೆ ದುಡ್ಡು, ತಾನೇ ಕೊಳ್ಳಬಾರದು ಉಡುಗೊರೆಯಾಗಿಯೇ ಬರಬೇಕು ಎಂಬುದೆಲ್ಲ ಅಂಗಡಿಯ ಮಾತು.

ಬೈಲುಕುಪ್ಪೆಗೆ ಹೋಗುವ ನಮ್ಮ ಪ್ರವಾಸಿಗರನ್ನು ನೋಡಿದಾಗ ನನಗೆ ಹೆಚ್ಚು ನೋವಾಗುತ್ತದೆ. ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದ ಪೆನೋರ್ ರಿಂಪೋಚೆ 1963ರಲ್ಲಿ ಅಲ್ಲಿ ಶುರುಮಾಡಿದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದಲ್ಲಿ ಮೂರು ಬೃಹತ್ ಮೂರ್ತಿಗಳಿವೆ. ಬಂದವರು ‘ಮೂರು ಬುದ್ಧ’ ಎಂದು ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಾರೆ. ನಡುವೆ ಇರುವವನು ಶಾಕ್ಯಮುನಿ. ಮೀಸೆಯಿರುವ, ಕೈಯಲ್ಲಿ ವಜ್ರ ಹಿಡಿದವನು 8ನೆಯ ಶತಮಾನದಲ್ಲಿ ಟಿಬೆಟ್ಟಿಗೆ ಧರ್ಮ ಒಯ್ದ ಗುರು ಪದ್ಮಸಂಭವ. ಮಡಿಲಲ್ಲಿ ಕಲಶ ಇಟ್ಟುಕೊಂಡವನು ಆಯುಸ್ಸಿನ ಬುದ್ಧ ಅಮಿತಾಯು. ಆ ಮೂರ್ತಿಗಳ ಒಳಗೆ ಗ್ರಂಥಗಳನ್ನು, ಮಹಾಗುರುಗಳ ಅವಶೇಷಗಳನ್ನು, ಮಣ್ಣಿನ ಪುಟ್ಟ ಸ್ತೂಪಗಳನ್ನು ತುಂಬಿದ್ದಾರೆ. ಒಳಗೆ ಏನೂ ಇಲ್ಲ ಎಂದು ನಾವು ಹೇಳುವ ಮೂರ್ತಿಯ ಒಳಗೆ ಅಕ್ಷರಶಃ ಧರ್ಮಗ್ರಂಥ ಇದೆ. ಗೋಡೆಯ ಮೇಲಿನ ಉಗ್ರರೂಪಗಳನ್ನು ಕಂಡು ದೆವ್ವ ಎನ್ನುವವರು, ಅಪ್ಪಿಕೊಂಡ ಜೋಡಿಯನ್ನು ಕಂಡು ಕಿಸಕ್ಕನೆ ನಗುವವರು ಅಲ್ಲಿ ನಿತ್ಯ ಕಾಣಸಿಗುತ್ತಾರೆ. ಐದು ತಲೆಬುರುಡೆಗಳ ಕಿರೀಟ ಐದು ಕ್ಲೇಶಗಳು ಐದು ಜ್ಞಾನಗಳಾಗುವುದನ್ನು ಸೂಚಿಸುತ್ತದೆ. ಅಪ್ಪುಗೆ ಕರುಣೆಯ ಉಪಾಯ ಮತ್ತು ಪ್ರಜ್ಞೆಯ ಬೆಸುಗೆಯನ್ನು. ಪಕ್ಕದಲ್ಲೇ ಚೀವರ ತೊಟ್ಟ, ನಮ್ಮ ನೆಲದಲ್ಲೇ ಹುಟ್ಟಿ ಕನ್ನಡ ಬಲ್ಲ ಭಿಕ್ಷುಗಳಿರುತ್ತಾರೆ. ಯಾರೂ ಕೇಳುವುದಿಲ್ಲ. ಹೊರಗೆ ಬಂದು ಐದು ಬಣ್ಣದ ಪ್ರಾರ್ಥನಾ ಬಾವುಟ ಕೊಂಡು ಬೈಕಿನ ಹ್ಯಾಂಡಲಿಗೆ ಕಟ್ಟಿಕೊಂಡು ಹೊರಡುತ್ತಾರೆ.

ಇಷ್ಟಾಗಿ ಬೌದ್ಧ ಮೂರ್ತಿ ಕನ್ನಡಿಗರಿಗೆ ಹೊರಗಿನದೂ ಅಲ್ಲ. ಮಂಗಳೂರಿನ ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕ್ರಿ.ಶ. 968ರಲ್ಲಿ ಅಲ್ಲಿಯ ವಿಹಾರದಲ್ಲಿ ಪ್ರತಿಷ್ಠಾಪಿಸಿದವನು ಆಳುಪ ದೊರೆ ಕುಂದವರ್ಮ, ಅವನು ಶಿವಭಕ್ತ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನ ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ ತಾರಾದೇವಿಯ ಸ್ತುತಿಯನ್ನೂ ದಾಖಲಿಸಿದೆ. ಬಳ್ಳಿಗಾವೆಯಲ್ಲಿ ತಾರಾಭಗವತಿ ಇದ್ದಳು. ಈ ನೆಲದ ವರ್ತಕರು, ಮಂತ್ರಿಗಳು, ಅರಸರು ಮೂರ್ತಿಯ ಮುಂದೆ ತಲೆಬಾಗಿದ ಬೌದ್ಧಧರ್ಮವನ್ನೇ ಬೌದ್ಧಧರ್ಮ ಎಂದು ತಿಳಿದಿದ್ದರು.

ಆದ್ದರಿಂದ ಪಠ್ಯಪುಸ್ತಕ, ಗೈಡುಗಳನ್ನು ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಹೀನಯಾನಕ್ಕೆ ಸಂಕೇತ, ಮಹಾಯಾನಕ್ಕೆ ಮೂರ್ತಿ ಎಂಬ ಸಾಲನ್ನು ಹೊಡೆದು ಹಾಕಿ. ಆ ಜಾಗದಲ್ಲಿ ಕನಗನಹಳ್ಳಿಯ ಸ್ತೂಪವನ್ನೂ ಬುದ್ಧಮಿತ್ರಾಳ ಹೆಸರನ್ನೂ ಸೇರಿಸಿ. ಮನೆಗೆ ಬುದ್ಧನನ್ನು ತರುವ ಓದುಗರು ತಲೆ ಕತ್ತರಿಸಿದ ಬುದ್ಧನನ್ನು ಕೊಳ್ಳಬೇಡಿ. ಇಡೀ ಮೂರ್ತಿಯನ್ನು ತಂದರೆ ಎತ್ತರದಲ್ಲಿ, ಚೊಕ್ಕಟ ಜಾಗದಲ್ಲಿ ಇಡಿ. ಮುಂದಿನ ಸಲ ಬೈಲುಕುಪ್ಪೆಗೋ ಮುಂಡಗೋಡಿಗೋ ಕಲಬುರಗಿಯ ಬುದ್ಧವಿಹಾರಕ್ಕೋ ಹೋದಾಗ, ಮೂರ್ತಿಯ ಎದುರು ಕೂತವರ ಪ್ರಾರ್ಥನೆ ಮುಗಿಯುವವರೆಗೆ ಕಾದು, ಅದು ಯಾರ ಮೂರ್ತಿ, ಆ ಕೈ ಏಕೆ ಹಾಗಿದೆ ಎಂದು ಅವರನ್ನೇ ಕೇಳಿ.